ಡೀಸೆಲ್ ವಾಹನಗಳಲ್ಲಿ ತಣ್ಣನೆಯ ಎಂಜಿನ್ ಚಾಲನೆಯ ಹೊಗೆ ಮತ್ತು ಅಸ್ಥಿರ ಐಡ್ಲಿಂಗ್: ಕಾರಣ ಪತ್ತೆ ಮಾಡುವ ಕ್ರಮ

(ಅರ್ಹತಾ ಪತ್ರ, ನೋಂದಣಿ ನವೀಕರಣ ಹಾಗೂ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರದ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಸಾರಿಗೆ ವಾಹನಗಳ ಅರ್ಹತಾ ಪತ್ರದ ನವೀಕರಣಕ್ಕಾಗಿ, ಹದಿನೈದು ವರ್ಷ ಪೂರೈಸಿದ ಸ್ವಂತ ಬಳಕೆಯ ವಾಹನಗಳ ನೋಂದಣಿ ನವೀಕರಣಕ್ಕಾಗಿ ಹಾಗೂ ಹೊಗೆ ತಪಾಸಣೆಗಾಗಿ ಬರುವ ಡೀಸೆಲ್ ವಾಹನಗಳ ಮಾಲೀಕರಲ್ಲಿ ಒಂದು ದೂರು ಸಾಮಾನ್ಯ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ಬಿಳಿ ಹೊಗೆ ಬರುತ್ತದೆ, ಕೆಲ ನಿಮಿಷಗಳ ಕಾಲ ವಾಹನವೆಲ್ಲ ನಡುಗುತ್ತದೆ, ನಂತರ ತಾನಾಗಿ ಸರಿಹೋಗುತ್ತದೆ ಎಂಬುದೇ ಆ ದೂರು.

ಇಂತಹ ಸಂದರ್ಭದಲ್ಲಿ ಮಾಲೀಕರು ಎರಡು ರೀತಿಯಲ್ಲಿ ನಷ್ಟ ಅನುಭವಿಸುತ್ತಾರೆ. ಕೆಲವರು ದೋಷವನ್ನು ಕಡೆಗಣಿಸಿ, ತಪಾಸಣೆಯ ದಿನ ವಾಹನ ತಿರಸ್ಕೃತವಾದ ಮೇಲೆ ಎಚ್ಚೆತ್ತುಕೊಳ್ಳುತ್ತಾರೆ. ಮತ್ತೆ ಕೆಲವರು ಕಾರಣ ತಿಳಿಯುವ ಮೊದಲೇ ಡೀಸೆಲ್ ಪಂಪ್ ಬಿಚ್ಚಿಸಿ, ನಾಜಲ್‌ಗಳನ್ನು ಬದಲಾಯಿಸಿ, ಕೊನೆಗೆ ಎಂಜಿನ್ ಬೋರ್ ಕೆಲಸದವರೆಗೂ ಹಣ ವ್ಯಯಿಸುತ್ತಾರೆ. ಮೋಟಾರು ವಾಹನಗಳ ಅಧಿನಿಯಮ, 1988ರ 56ನೇ ಪ್ರಕರಣದ ಮೇರೆಗೆ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಭಾವಿಸತಕ್ಕದ್ದಲ್ಲ. ಒಂದೇ ಟೆಂಪೋವಿನ ಬಾಡಿಗೆಯಿಂದ ಸಂಸಾರ ಸಾಗಿಸುವವರಿಗೆ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಕಡಿಮೆ ವೆಚ್ಚದ ಪರೀಕ್ಷೆಯಿಂದ ಆರಂಭಿಸಿ, ಒಂದೊಂದೇ ಕಾರಣವನ್ನು ಖಚಿತಪಡಿಸಿಕೊಳ್ಳುತ್ತಾ ಸಾಗುವ ಕ್ರಮವನ್ನು ಇಲ್ಲಿ ನೀಡಲಾಗಿದೆ.

2. ಅನ್ವಯವಾಗುವ ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆಗೆ ಮಿತಿ ನಿಗದಿಪಡಿಸಲಾಗಿದೆ.

ಅ) ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಮಾನದಂಡದ ವಾಹನಗಳು: 65 ಹಾರ್ಟ್ರಿಜ್ ಮಾನ, ಅಂದರೆ ಮೀಟರಿಗೆ 2.45ರ ಬೆಳಕು ಹೀರಿಕೆಯ ಗುಣಾಂಕ.
ಆ) ಭಾರತ್ ಸ್ಟೇಜ್-4 ವಾಹನಗಳು: 50 ಹಾರ್ಟ್ರಿಜ್ ಮಾನ, ಅಂದರೆ ಮೀಟರಿಗೆ 1.62ರ ಗುಣಾಂಕ.

ಹೊಸ ವಾಹನವು ಮೊದಲ ನೋಂದಣಿಯ ದಿನಾಂಕದಿಂದ ಒಂದು ವರ್ಷ ಪೂರೈಸಿದ ನಂತರ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಹೊಂದಿರತಕ್ಕದ್ದು. ಸದರಿ ಪತ್ರದ ಅವಧಿ ಸಾಮಾನ್ಯವಾಗಿ ಆರು ತಿಂಗಳು; ಭಾರತ್ ಸ್ಟೇಜ್-4 ಮತ್ತು ಭಾರತ್ ಸ್ಟೇಜ್-6 ವಾಹನಗಳಿಗೆ ಹನ್ನೆರಡು ತಿಂಗಳು. 2021ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ಮಿತಿ ಮೀರಿದ ವಾಹನಕ್ಕೆ ಕಾರಣವನ್ನು ನಮೂದಿಸಿದ ತಿರಸ್ಕರಣಾ ಚೀಟಿ ನೀಡಲಾಗುತ್ತದೆ. ಈ ಚೀಟಿಯನ್ನು ಎಸೆಯದೆ ದುರಸ್ತಿಗಾರರಿಗೆ ತೋರಿಸುವುದು ಉಪಯುಕ್ತ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಹೊಗೆ ತಪಾಸಣೆಯನ್ನು ಕಾದ ಎಂಜಿನ್ ಮೇಲೆ ನಡೆಸತಕ್ಕದ್ದಾಗಿದ್ದು, ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ತಲುಪಿರಬೇಕು. ಹೀಗಾಗಿ ಬೆಳಗಿನ ಹೊಗೆ ಮಾತ್ರದಿಂದ ವಾಹನ ತಿರಸ್ಕೃತವಾಗುವುದಿಲ್ಲ. ಆದರೆ ಬೆಳಗಿನ ಹೊಗೆಗೆ ಕಾರಣವಾದ ಸವೆದ ನಾಜಲ್, ಕಡಿಮೆಯಾದ ಕಂಪ್ರೆಷನ್, ತಪ್ಪಿದ ಟೈಮಿಂಗ್ ಮುಂತಾದ ದೋಷಗಳು ಬೆಳೆಯುತ್ತಾ ಹೋದಂತೆ ಕಾದ ಎಂಜಿನ್ನಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಬೆಳಗಿನ ಹೊಗೆಯನ್ನು ಮುನ್ಸೂಚನೆಯೆಂದು ಪರಿಗಣಿಸುವುದು ಸೂಕ್ತ.

3. ತಣ್ಣನೆಯ ಎಂಜಿನ್ ಹೊಗೆ ಉಗುಳುವುದೇಕೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಆ ಗಾಳಿ ಕಾದು, ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಕಾದ ಎಂಜಿನ್ನಿನಲ್ಲಿ ಈ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಾದರೋ ತಣ್ಣನೆಯ ಲೋಹವು ಆ ಶಾಖವನ್ನು ಹೀರಿಕೊಳ್ಳುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದರೆ ಶಾಖ ಸೋರಿಹೋಗಲು ಹೆಚ್ಚು ಸಮಯ ಸಿಗುತ್ತದೆ. ರಿಂಗ್‌ಗಳ ಸಂದಿನಿಂದ ಗಾಳಿಯೂ ಸೋರುತ್ತದೆ. ಶಾಖ ಸಾಲದ ಸಿಲಿಂಡರಿನಲ್ಲಿ ಡೀಸೆಲ್ ಉರಿಯದೆ ಸೂಕ್ಷ್ಮ ಹನಿಗಳಾಗಿ ಹೊರಬರುತ್ತದೆ. ಅದೇ ಬಿಳಿ ಹೊಗೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಉರಿಯದಿದ್ದರೆ ಉಳಿದ ಮೂರರ ಬಲದಿಂದ ತಿರುಗುವ ಎಂಜಿನ್ ನಡುಗುತ್ತದೆ. ಇದನ್ನೇ ಗ್ಯಾರೇಜುಗಳಲ್ಲಿ ಮಿಸ್ಸಿಂಗ್ ಎನ್ನುವರು.

ಆದ್ದರಿಂದ ಪ್ರತಿ ಪರೀಕ್ಷೆಯ ಹಿಂದಿರುವ ಪ್ರಶ್ನೆಗಳು ಮೂರೇ: ಶಾಖ ಸಾಲದೇ? ಡೀಸೆಲ್ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ, ಸರಿಯಾಗಿ ಸಿಂಪಡಣೆಯಾಗುತ್ತಿಲ್ಲವೇ? ಗಾಳಿ ಸಾಲದೇ?

4. ಹೊಗೆಯ ಬಣ್ಣದಿಂದ ತಿಳಿಯುವುದು

ಬಿಳಿ, ಕಣ್ಣುರಿಸುವ ಹಾಗೂ ಹಸಿ ಡೀಸೆಲ್ ವಾಸನೆಯ ಹೊಗೆ: ಉರಿಯದ ಡೀಸೆಲ್. ಒಂದೆರಡು ನಿಮಿಷಗಳಲ್ಲಿ ಪೂರ್ತಿ ನಿಂತರೆ ಹೀಟರ್ ಪ್ಲಗ್, ಬ್ಯಾಟರಿ ಅಥವಾ ಪೈಪಿನೊಳಗಿನ ಗಾಳಿಯನ್ನು ಮೊದಲು ಶಂಕಿಸಬೇಕು. ಎಂಜಿನ್ ಕಾದ ಮೇಲೂ ಮುಂದುವರಿದರೆ ನಾಜಲ್, ಟೈಮಿಂಗ್ ಅಥವಾ ಕಂಪ್ರೆಷನ್.

ಬಿಳಿ, ಆದರೆ ಕಣ್ಣುರಿಸದ, ಬೇಗ ಕರಗುವ ಆವಿ: ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಸಹಜ. ಆವಿ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರಿಕೆಯ ಶಂಕೆ.

ನೀಲಿ ಛಾಯೆಯ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಚಾಲೂ ಆದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್‌ಗಳು. ಸದಾ ಬರುತ್ತಿದ್ದರೆ ರಿಂಗ್, ಬೋರ್ ಅಥವಾ ಟರ್ಬೊ.

ಕಪ್ಪು ಹೊಗೆ: ಗಾಳಿಗಿಂತ ಡೀಸೆಲ್ ಹೆಚ್ಚು. ಏರ್ ಫಿಲ್ಟರ್ ಕಟ್ಟಿರುವುದು, ತೊಟ್ಟಿಕ್ಕುವ ನಾಜಲ್, ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇ.ಜಿ.ಆರ್. ಕವಾಟ ತೆರೆದೇ ಉಳಿದಿರುವುದು ಇದರ ಸಾಮಾನ್ಯ ಕಾರಣಗಳು.

5. ಗ್ಯಾರೇಜಿಗೆ ಹೋಗುವ ಮುನ್ನ ಬರೆದಿಟ್ಟುಕೊಳ್ಳಬೇಕಾದ ಅಂಶಗಳು

ವಾಹನವು ರಾತ್ರಿಯೆಲ್ಲ ನಿಂತಿರಬೇಕು. ಕಾದ ಎಂಜಿನ್ನಿನಲ್ಲಿ ಈ ದೋಷ ಅಡಗಿರುವುದರಿಂದ, ಮಧ್ಯಾಹ್ನ ಓಡಿಸಿಕೊಂಡು ಹೋಗಿ ತೋರಿಸಿದರೆ ದುರಸ್ತಿಗಾರರು ಊಹೆಯಿಂದ ಕೆಲಸ ಮಾಡಬೇಕಾಗುತ್ತದೆ. ಸಾಧ್ಯವಾದಲ್ಲಿ ಹಿಂದಿನ ಸಂಜೆಯೇ ವಾಹನವನ್ನು ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ತಮ್ಮ ಸಮಕ್ಷಮ ಚಾಲೂ ಮಾಡಿಸುವುದು ಒಳ್ಳೆಯದು. ಕೆಳಕಂಡ ಅಂಶಗಳನ್ನು ಮೂರು ದಿನ ಬರೆದಿಡಬೇಕು.

ಅ) ಸೆಲ್ಫ್ ಎಷ್ಟು ಸೆಕೆಂಡು ಹೊಡೆಯಬೇಕಾಯಿತು, ಎಂಜಿನ್ ಚುರುಕಾಗಿ ತಿರುಗಿತೇ, ಎಳೆದೆಳೆದು ತಿರುಗಿತೇ.
ಆ) ಸೆಲ್ಫ್ ಹೊಡೆಯುವಾಗಲೇ ಸೈಲೆನ್ಸರಿನಲ್ಲಿ ಹೊಗೆ ಬಂದಿತೇ.
ಇ) ಹೊಗೆಯ ಬಣ್ಣ, ವಾಸನೆ ಮತ್ತು ಅದು ನಿಲ್ಲಲು ತಗುಲಿದ ಸಮಯ.
ಈ) ನಡುಕ ಒಂದೇ ಲಯದಲ್ಲಿತ್ತೇ, ಎಂಜಿನ್ ವೇಗ ಏರಿಳಿಯುತ್ತಿತ್ತೇ.
ಉ) ಆಯಿಲ್ ಮತ್ತು ರೇಡಿಯೇಟರ್ ನೀರಿನ ಮಟ್ಟ.

ಈ ಪೈಕಿ (ಆ) ಬಹಳ ಮುಖ್ಯ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಹೊತ್ತಿಕೊಳ್ಳಲು ಶಾಖವಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಇಷ್ಟು ತಿಳಿದರೆ ಹುಡುಕಾಟದ ಅರ್ಧ ಭಾಗ ಮುಗಿದಂತೆ.

6. ಪತ್ತೆಯ ಕ್ರಮ (ಹಳೆಯ ಮಾದರಿಯ, ಯಾಂತ್ರಿಕ ಡೀಸೆಲ್ ಪಂಪ್ ಇರುವ ವಾಹನಗಳು)

ಹಂತ 1 – ಬ್ಯಾಟರಿ: ನಿಂತ ವಾಹನದ 12 ವೋಲ್ಟ್ ಬ್ಯಾಟರಿಯು ಸುಮಾರು 12.4 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಿದ್ದೂ ಎಂಜಿನ್ ಎಳೆದೆಳೆದು ತಿರುಗಿದರೆ ಟರ್ಮಿನಲ್‌ಗಳನ್ನೂ ಬಾಡಿಗೆ ಜೋಡಿಸಿದ ಅರ್ತ್ ತಂತಿಯನ್ನೂ ಶುಚಿಗೊಳಿಸಿ ಬಿಗಿಗೊಳಿಸಬೇಕು. ತಯಾರಕರು ಸೂಚಿಸಿದ್ದಕ್ಕಿಂತ ಗಟ್ಟಿಯಾದ ಆಯಿಲ್ ಹಾಕಿದ್ದರೂ ಇದೇ ತೊಂದರೆ ಬರುತ್ತದೆ.

ಹಂತ 2 – ಹೀಟರ್ ಪ್ಲಗ್: ದೊಡ್ಡ ಲಾರಿ-ಬಸ್ಸುಗಳ ಅನೇಕ ಎಂಜಿನ್‌ಗಳಲ್ಲಿ ಇವು ಇರುವುದಿಲ್ಲ, ಅಂತಹವರು ಮುಂದಿನ ಹಂತಕ್ಕೆ ಹೋಗಬಹುದು. ಹೀಟರ್ ಪ್ಲಗ್ ಇರುವ ವಾಹನಗಳಲ್ಲಿ ಎಲ್ಲ ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಯನ್ನು ಕಳಚಿ, ಪ್ರತಿಯೊಂದರ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಸುಸ್ಥಿತಿಯ ಪ್ಲಗ್ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಸುಟ್ಟ ಪ್ಲಗ್‌ನಲ್ಲಿ ಸಂಪರ್ಕವೇ ಇರುವುದಿಲ್ಲ. ನಂತರ ಕೀಲಿ ತಿರುಗಿಸಿ ಆ ಪಟ್ಟಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಪ್ಲಗ್‌ಗಳೆಲ್ಲ ಸರಿಯಿದ್ದು ವಿದ್ಯುತ್ ಬಾರದಿದ್ದರೆ ದೋಷವಿರುವುದು ರಿಲೇ ಅಥವಾ ಫ್ಯೂಸಿನಲ್ಲಿ.

ಹಂತ 3 – ಡೀಸೆಲ್ ಮಾರ್ಗದಲ್ಲಿ ಗಾಳಿ ಮತ್ತು ನೀರು: ಫಿಲ್ಟರಿನ ಕೆಳಗಿನ ನೀರು ಬೇರ್ಪಡಿಸುವ ಬಟ್ಟಲನ್ನು ಬರಿದು ಮಾಡಬೇಕು. ರಾತ್ರಿಯ ವೇಳೆ ಸಡಿಲ ಜೋಡಣೆಯಿಂದ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿನತ್ತ ಇಳಿಯುವುದುಂಟು. ಇದನ್ನು ಖಚಿತಪಡಿಸಿಕೊಳ್ಳಲು ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುನ್ನ ಕೈ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ಹಾಗೆ ಮಾಡಿದ ದಿನ ಎಂಜಿನ್ ಒಮ್ಮೆಗೇ ಚಾಲೂ ಆಗಿ, ಮಾಡದ ದಿನ ತೊಂದರೆ ಕೊಟ್ಟರೆ ಗಾಳಿಯ ಸೋರಿಕೆ ಇದೆಯೆಂದು ತಿಳಿಯಬಹುದು. ವಾಷರ್, ರಬ್ಬರ್ ಪೈಪ್ ಮತ್ತು ಕ್ಲಿಪ್‌ಗಳನ್ನು ಬದಲಾಯಿಸಿದರೆ ಸಾಕಾಗುವ ಈ ದೋಷಕ್ಕೆ ಪಂಪ್ ಬಿಚ್ಚಿಸುವ ಅಗತ್ಯವಿಲ್ಲ.

ಹಂತ 4 – ಉರಿಯದ ಸಿಲಿಂಡರ್ ಯಾವುದು: ತಣ್ಣನೆಯ ಎಂಜಿನ್ ನಡುಗುತ್ತಿರುವಾಗಲೇ ದುರಸ್ತಿಗಾರರು ನಾಜಲ್‌ಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ನೋಡಬೇಕು. ಸರಿಯಾಗಿ ಉರಿಯುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ನಡುಕ ಹೆಚ್ಚುತ್ತದೆ. ಯಾವುದನ್ನು ಸಡಿಲಿಸಿದಾಗ ಶಬ್ದದಲ್ಲಿ ವ್ಯತ್ಯಾಸವಾಗುವುದಿಲ್ಲವೋ ಅದೇ ದೋಷಯುಕ್ತ ಸಿಲಿಂಡರ್. ಆಗ ಬಿಳಿ ಹೊಗೆಯೂ ಕಡಿಮೆಯಾದರೆ ಉರಿಯದ ಡೀಸೆಲ್ ಅಲ್ಲಿಂದಲೇ ಬರುತ್ತಿದೆ ಎಂದರ್ಥ. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಈ ಪರೀಕ್ಷೆಯನ್ನು ಕಾಮನ್ ರೈಲ್ ಎಂಜಿನ್‌ಗಳಲ್ಲಿ ಎಂದಿಗೂ ಮಾಡತಕ್ಕದ್ದಲ್ಲ.

ಹಂತ 5 – ನಾಜಲ್ ಅದಲುಬದಲು: ದೋಷಯುಕ್ತ ಸಿಲಿಂಡರಿನ ನಾಜಲನ್ನು ಹೊಸ ವಾಷರ್ ಹಾಕಿ ಬೇರೊಂದಕ್ಕೆ ಜೋಡಿಸಿ, ಮರುದಿನ ಬೆಳಿಗ್ಗೆ 4ನೇ ಹಂತವನ್ನು ಪುನರಾವರ್ತಿಸಬೇಕು. ದೋಷ ನಾಜಲಿನೊಂದಿಗೆ ಹೋದರೆ ಆ ಒಂದು ನಾಜಲನ್ನು ಪರೀಕ್ಷಾ ಯಂತ್ರದಲ್ಲಿ ಸರಿಪಡಿಸಬೇಕು. ದೋಷ ಅಲ್ಲೇ ಉಳಿದರೆ ನಾಜಲ್ ನಿರ್ದೋಷಿ.

ಹಂತ 6 – ಟ್ಯಾಪೆಟ್ ಮತ್ತು ಕಂಪ್ರೆಷನ್: ಟ್ಯಾಪೆಟ್ ಅಂತರ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ. ಅದನ್ನು ಸರಿಪಡಿಸಿದ ನಂತರವೇ ಡೀಸೆಲ್ ಗೇಜಿನಿಂದ ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಅಳೆದು ಕಾಗದದ ಮೇಲೆ ಬರೆಸಿಕೊಳ್ಳಬೇಕು. ತಯಾರಕರ ಕೈಪಿಡಿಯ ಮಿತಿಯೊಡನೆ ಹೋಲಿಸುವುದಲ್ಲದೆ, ಸಿಲಿಂಡರ್‌ಗಳ ನಡುವಣ ವ್ಯತ್ಯಾಸವನ್ನೂ ಗಮನಿಸಬೇಕು. ರಿಂಗ್-ಬೋರ್ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಈ ಅಳತೆಯನ್ನು ಕೇಳಿ ಪಡೆಯುವುದು ಮಾಲೀಕರ ಹಿತದೃಷ್ಟಿಯಿಂದ ಅವಶ್ಯ.

ಹಂತ 7 – ಟೈಮಿಂಗ್ ಮತ್ತು ಪಂಪ್: ಯಾವುದೇ ಒಂದು ಸಿಲಿಂಡರ್ ಬದಲು ಎಲ್ಲದರಿಂದಲೂ ಬಿಳಿ ಹೊಗೆ ಬರುತ್ತಿದ್ದು, ಎಂಜಿನ್ ಎಳೆತವೂ ಕುಗ್ಗಿದ್ದರೆ ಡೀಸೆಲ್ ತಡವಾಗಿ ಸಿಂಪಡಣೆಯಾಗುತ್ತಿರಬಹುದು. ಪಂಪಿಗೆ ಕೈಹಾಕುವುದು ಕೊನೆಯ ಹಂತ.

7. ಕಾಮನ್ ರೈಲ್ ಎಂಜಿನ್‌ಗಳು

ಈಗಿನ ಡೀಸೆಲ್ ವಾಹನಗಳಲ್ಲಿ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೈಲ್ ವ್ಯವಸ್ಥೆ ಇರುತ್ತದೆ. ಇದರ ಒತ್ತಡ 1,600 ಬಾರ್ ಮತ್ತು ಅದಕ್ಕೂ ಹೆಚ್ಚು ತಲುಪಬಲ್ಲದು. ಸಡಿಲ ನಟ್ಟಿನಿಂದ ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಕ್ಕು ಗಂಭೀರ ಗಾಯ ಮಾಡುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಈ ವಾಹನಗಳನ್ನು ಸ್ಕ್ಯಾನರ್ ಮೂಲಕ, ಎಂಜಿನ್ ತಣ್ಣಗಿರುವಾಗ ಪರೀಕ್ಷಿಸಬೇಕು. ಮೊದಲು ನೋಡಬೇಕಾದುದು ಎಂಜಿನ್ ನೀರಿನ ಉಷ್ಣತೆ. ರಾತ್ರಿಯೆಲ್ಲ ನಿಂತ ವಾಹನದಲ್ಲಿ ಇದು ಹೊರಗಿನ ಗಾಳಿಯ ಉಷ್ಣತೆಗೆ ಸಮೀಪವಿರಬೇಕು. ಬೆಳಗಿನ 20 ಡಿಗ್ರಿ ಚಳಿಯಲ್ಲಿ ಸ್ಕ್ಯಾನರ್ 80 ಡಿಗ್ರಿ ಎಂದು ತೋರಿಸಿದರೆ ಸಂವೇದಕ ಕೆಟ್ಟಿದೆ. ಎಂಜಿನ್ ಕಾದಿದೆಯೆಂದು ಭಾವಿಸುವ ಕಂಪ್ಯೂಟರ್ ಹೀಟರ್ ಪ್ಲಗ್‌ಗಳಿಗೆ ವಿದ್ಯುತ್ತನ್ನೇ ಕೊಡುವುದಿಲ್ಲ. ಪ್ಲಗ್ ಬದಲಾಯಿಸಿದರೂ ತೊಂದರೆ ಹಾಗೆಯೇ ಉಳಿಯುವುದಕ್ಕೆ ಇದೂ ಒಂದು ಕಾರಣ. ನಂತರ ಸೆಲ್ಫ್ ಹೊಡೆಯುವಾಗಿನ ರೈಲ್ ಒತ್ತಡ, ಪ್ರತಿ ಇಂಜೆಕ್ಟರಿನ ತಿದ್ದುಪಡಿ ಪ್ರಮಾಣ ಹಾಗೂ ಇಂಜೆಕ್ಟರ್‌ಗಳಿಂದ ಮರಳುವ ಡೀಸೆಲ್ ಪ್ರಮಾಣವನ್ನು ಹೋಲಿಸಬೇಕು. ಉಳಿದವುಗಳಿಗಿಂತ ಬಹಳ ಹೆಚ್ಚು ಡೀಸೆಲ್ ಮರಳಿಸುವ ಇಂಜೆಕ್ಟರ್ ಸವೆದಿರುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್-6 ಮಾನದಂಡದ ಡೀಸೆಲ್ ವಾಹನಗಳ ಸೈಲೆನ್ಸರ್ ವ್ಯವಸ್ಥೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸುಸ್ಥಿತಿಯಲ್ಲಿದ್ದರೆ ಕಪ್ಪು ಹೊಗೆ ಕಾಣಿಸಲಾರದು. ಅಂತಹ ವಾಹನದಲ್ಲಿ ಕಪ್ಪು ಹೊಗೆ ಕಂಡರೆ ಫಿಲ್ಟರ್ ಒಡೆದಿರುವ ಅಥವಾ ಅದನ್ನು ತೆಗೆದುಹಾಕಿರುವ ಸಂಭವವಿದೆ.

8. ಉದಾಹರಣೆ

ನಾಲ್ಕು ಸಿಲಿಂಡರಿನ, ಹಳೆಯ ಮಾದರಿಯ ಒಂದು ಸರಕು ವಾಹನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಬಿಳಿ ಹೊಗೆ, ಎರಡು ನಿಮಿಷ ನಡುಕ, ಆಮೇಲೆ ಸರಿ. ಬ್ಯಾಟರಿ 12.6 ವೋಲ್ಟ್, ಸೆಲ್ಫ್ ಚುರುಕು. ಹಂತ 1 ಮುಗಿಯಿತು. ಹೀಟರ್ ಪ್ಲಗ್‌ಗಳ ಅಳತೆ 0.9, 0.8, 0.9 ಓಮ್, ನಾಲ್ಕನೆಯದರಲ್ಲಿ ಸಂಪರ್ಕವಿಲ್ಲ. ಆ ಪ್ಲಗ್ ಬದಲಾಯಿಸಿ ಮರುದಿನ ನೋಡಿದರೆ ನಡುಕ ಬಹುತೇಕ ನಿಂತಿದೆ, ಸ್ವಲ್ಪ ಹೊಗೆ ಉಳಿದಿದೆ. ಕೈ ಪಂಪ್ ಒತ್ತಿದರೂ ವ್ಯತ್ಯಾಸವಿಲ್ಲ. ನಟ್ಟು ಸಡಿಲಿಸಿದಾಗ ಎರಡನೇ ಸಿಲಿಂಡರ್ ದುರ್ಬಲವೆಂದು ತಿಳಿಯುತ್ತದೆ. ನಾಜಲ್ ಅದಲುಬದಲು ಮಾಡಿದಾಗ ದೋಷವು ನಾಜಲಿನೊಂದಿಗೆ ಮೂರನೇ ಸಿಲಿಂಡರಿಗೆ ಹೋಗುತ್ತದೆ. ಒಟ್ಟು ಕೆಲಸ: ಒಂದು ಪ್ಲಗ್ ಮತ್ತು ಒಂದು ನಾಜಲ್. ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು ಎಂಬುದನ್ನೂ, ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿದರೆ ಎರಡೂ ಬಯಲಾಗುತ್ತವೆ ಎಂಬುದನ್ನೂ ಗಮನಿಸಬಹುದು.

9. ಮಾಡಬಾರದ ಕೆಲಸಗಳು

ಅ) ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಅಥವಾ ಪೆಟ್ರೋಲ್ ಸಿಂಪಡಿಸಬಾರದು. ಕಾದ ಪ್ಲಗ್‌ಗೆ ತಗುಲಿ ಬೆಂಕಿ ಹತ್ತಿಕೊಳ್ಳುವ, ಪಿಸ್ಟನ್ ಒಡೆಯುವ ಅಪಾಯವಿದೆ.
ಆ) ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ.
ಇ) ತಣ್ಣನೆಯ ಎಂಜಿನ್ನಿಗೆ ಜೋರಾಗಿ ಆಕ್ಸಿಲರೇಟರ್ ಕೊಟ್ಟು ಹೊಗೆ ಓಡಿಸಲು ಯತ್ನಿಸಬಾರದು. ಆಯಿಲ್ ಇನ್ನೂ ಎಲ್ಲೆಡೆ ತಲುಪಿರುವುದಿಲ್ಲ.
ಈ) ತಪಾಸಣೆಯಲ್ಲಿ ಪಾರಾಗಲು ಪಂಪಿನ ಡೀಸೆಲ್ ಪ್ರಮಾಣ ಇಳಿಸಿ, ನಂತರ ಏರಿಸುವುದು ಬೇಡ. ಎಳೆತ ಕುಗ್ಗುವುದಲ್ಲದೆ ಮೂಲ ದೋಷ ಉಳಿದೇ ಇರುತ್ತದೆ.
ಉ) ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು.

10. ತಪಾಸಣೆಗೆ ವಾಹನ ತರುವಾಗ

ವಾಹನವನ್ನು 15ರಿಂದ 20 ನಿಮಿಷ ಓಡಿಸಿ, ಎಂಜಿನ್ ಕಾದ ಸ್ಥಿತಿಯಲ್ಲಿ ತರಬೇಕು. ಡೀಸೆಲ್ ತಪಾಸಣೆಯಲ್ಲಿ ಗೇರ್ ಹಾಕದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನನ್ನು ಗರಿಷ್ಠ ವೇಗಕ್ಕೆ ಏರಿಸಲಾಗುತ್ತದೆ. ಆದುದರಿಂದ ಆಯಿಲ್ ಮಟ್ಟ ಮೇಲಿನ ಗೆರೆ ಮೀರದಂತೆ ಹಾಗೂ ಕೆಳಗಿನ ಗೆರೆಗಿಂತ ಇಳಿಯದಂತೆ ನೋಡಿಕೊಳ್ಳಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಅದರ ಬದಲಾವಣೆಯ ಅವಧಿ ಮೀರಿರಬಾರದು. ಏರ್ ಫಿಲ್ಟರ್ ಶುಚಿಯಾಗಿರಲಿ, ಸೈಲೆನ್ಸರಿನಲ್ಲಿ ತೂತುಗಳಿರಬಾರದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಳಿಗೆ ಡೀಸೆಲ್ ಹೆಪ್ಪುಗಟ್ಟಿ ಈ ತೊಂದರೆ ಬರುವುದೇ?
ಉತ್ತರ: ಹಿಮಾಲಯದ ರಾಜ್ಯಗಳಲ್ಲಿ ಇದು ನಿಜವಾದ ಸಮಸ್ಯೆ. ಬೀದರ, ಕೊಡಗಿನಂತಹ ಕಡೆ ಚಳಿ ಹೆಚ್ಚಿದರೂ ಕರ್ನಾಟಕದಲ್ಲಿ ಇದು ವಿರಳ. ಇಲ್ಲಿ ಚಳಿಯು ಈಗಾಗಲೇ ಇರುವ ದೋಷವನ್ನು ಹೊರಗೆಡಹುತ್ತದೆ ಅಷ್ಟೆ.

ಪ್ರಶ್ನೆ: ಕಾದ ಮೇಲೆ ಸರಿಹೋಗುವುದಾದರೆ ದುರಸ್ತಿ ಏಕೆ?
ಉತ್ತರ: ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಇದರಿಂದ ಆಯಿಲ್ ತೆಳುವಾಗಿ ರಿಂಗ್ ಮತ್ತು ಬೋರ್ ಬೇಗ ಸವೆಯುತ್ತವೆ. ಇಂದು ಒಂದು ಪ್ಲಗ್‌ನಲ್ಲಿ ಮುಗಿಯುವ ಕೆಲಸ ಮುಂದೆ ಎಂಜಿನ್ ಕೆಲಸವಾಗಬಹುದು.

ಪ್ರಶ್ನೆ: ಪ್ರಮಾಣ ಪತ್ರವಿಲ್ಲದೆ ಅಥವಾ ಮಿತಿ ಮೀರಿದ ಹೊಗೆಯೊಡನೆ ಚಾಲನೆ ಮಾಡಿದರೆ?
ಉತ್ತರ: ಮಾಲಿನ್ಯ ನಿಯಂತ್ರಣದ ಮಾನದಂಡಗಳ ಉಲ್ಲಂಘನೆಗೆ, 2019ರಲ್ಲಿ ತಿದ್ದುಪಡಿಯಾದ ಅಧಿನಿಯಮದ 190(2)ನೇ ಪ್ರಕರಣದಂತೆ, ಮೂರು ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂಪಾಯಿಗಳವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಲು ಹಾಗೂ ಮೂರು ತಿಂಗಳ ಕಾಲ ಚಾಲನಾ ಅರ್ಹತೆಯನ್ನು ರದ್ದುಪಡಿಸಲು ಅವಕಾಶವಿದೆ.

ಅರ್ಹತಾ ಪತ್ರದ ಅವಧಿ ಮುಗಿಯುವ ದಿನಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಮೇಲ್ಕಂಡ ಪರೀಕ್ಷೆಗಳನ್ನು ಮಾಡಿಸಿಕೊಂಡಲ್ಲಿ, ದುರಸ್ತಿಗೂ ಮರುತಪಾಸಣೆಗೂ ಕಾಲಾವಕಾಶ ದೊರೆತು ವಾಹನವು ರಸ್ತೆಯಿಂದ ಹೊರಗುಳಿಯುವ ದಿನಗಳು ತಪ್ಪುತ್ತವೆ. ವಾಹನ ಮಾಲೀಕರು ಹಾಗೂ ಚಾಲಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.